ಕೆಜಿಎಫ್ ಚಾಪ್ಟರ್ 2, ಮೊದಲನೆಯದಕ್ಕೆ ಸಮ ಬಂತಾ?

ಇವತ್ತಿನ ಪ್ರಶ್ನೆ ನೋಡೋಕೆ ಸಣ್ಣದು. ಆದರೆ ಪುಣೆ, ಹೈದರಾಬಾದ್, ಚೆನ್ನೈ, ಗುರುಗ್ರಾಮ ಅಂತ ಚದುರಿ ಹೋಗಿರುವ ನಮ್ಮಂಥವರು ಶನಿವಾರ ರಾತ್ರಿ ಒಂದು ಕಡೆ ಸೇರಿದರೆ, ಬಿಸಿಬೇಳೆ ಬಾತ್ ತಣ್ಣಗಾಗುವಷ್ಟು ಹೊತ್ತು ಇದರ ಮೇಲೆ ಜಗಳ ನಡೆಯುತ್ತೆ. ಕೆಜಿಎಫ್ ಚಾಪ್ಟರ್ 2, ಚಾಪ್ಟರ್ 1ಕ್ಕೆ ಸಮ ಬಂತಾ, ಇಲ್ವಾ?

ಒಂದು ಗುಂಪು "ಕಲೆಕ್ಷನ್ ನೋಡಿ ಸಾರ್, ಇನ್ನೇನು ಮಾತು" ಅನ್ನುತ್ತೆ. ಇನ್ನೊಂದು ಗುಂಪು "ಏನೇ ಹೇಳಿ, ಮೊದಲನೇದರ ಗತ್ತೇ ಬೇರೆ" ಅನ್ನುತ್ತೆ. ಇಬ್ಬರೂ ಒಂದೇ ಸಿನಿಮಾ ಬಗ್ಗೆ ಮಾತಾಡ್ತಾ ಇದ್ದಾರೆ, ಆದರೆ ಅಳೆಯೋ ಕೋಲು ಬೇರೆ ಬೇರೆ. ಹಾಗಾಗಿ ಇವತ್ತು ನಾನು ವಿಮರ್ಶೆ ಮಾಡೋಕೆ ಹೋಗಲ್ಲ. ಇತಿಹಾಸದ ಕಡೆಯಿಂದ ನೋಡೋಣ. ಮೊದಲ ಭಾಗ ಬಂದಾಗ ಅದರ ಮುಂದೆ ಇದ್ದ ಕೆಲಸ ಏನು, ಎರಡನೇ ಭಾಗದ ಮುಂದೆ ಇದ್ದ ಕೆಲಸ ಏನು, ಯಾವುದು ತನ್ನ ಕೆಲಸ ಮಾಡಿ ಮುಗಿಸಿತು? ಇನ್ನೂ ನೋಡಿಲ್ಲದವರು ಯಾರಾದರೂ ಉಳಿದಿದ್ದರೆ, ಕಥೆಯ ಗುಟ್ಟೆಲ್ಲ ಇಲ್ಲಿ ಬಯಲಾಗುತ್ತೆ, ಮೊದಲೇ ಹೇಳಿಬಿಡ್ತೀನಿ.

ಕಥೆ ಹೋಗ್ತಿತ್ತು, ಮುಖ ಹೋಗ್ತಿರಲಿಲ್ಲ

ಕನ್ನಡ ಸಿನಿಮಾ ಹುಟ್ಟಿದ್ದೇ ಪರಊರಿನಲ್ಲಿ. ಬಿಡುಗಡೆಯಾದ ಮೊದಲ ಕನ್ನಡ ವಾಕ್ಚಿತ್ರ 'ಸತಿ ಸುಲೋಚನ', 1934ರಲ್ಲಿ ಬಂತು. ಅದರ ಚಿತ್ರೀಕರಣ ನಡೆದದ್ದು ಮಹಾರಾಷ್ಟ್ರದ ಕೊಲ್ಹಾಪುರದಲ್ಲಿ. ಆಮೇಲೆ ದಶಕಗಟ್ಟಲೆ ನಮ್ಮ ಸಿನಿಮಾ ತಯಾರಾಗಿದ್ದು ಮದರಾಸಿನ ಸ್ಟುಡಿಯೋಗಳಲ್ಲಿ. ನಟರು, ತಂತ್ರಜ್ಞರು ಎಲ್ಲ ಅಲ್ಲೇ ಮನೆ ಮಾಡಿಕೊಂಡು ಇದ್ದರು. ಕೆಲಸ ಒಂದು ಊರಲ್ಲಿ, ಮನಸ್ಸು ಇನ್ನೊಂದು ಊರಲ್ಲಿ. ಅಂದರೆ, ನಮ್ಮ ಹಾಗೇನೇ.

ಆಮೇಲೆ ಉದ್ಯಮ ಬೆಂಗಳೂರಿಗೆ ಬಂತು, ಬೆಳೀತು. ಹೊರಗಿನವರು ನಮ್ಮ ಕಥೆಗಳನ್ನ ಇಷ್ಟಪಟ್ಟರು ಕೂಡ. ರಾಜ್‌ಕುಮಾರ್ ಅವರ 'ಶಂಕರ್ ಗುರು' 1978ರಲ್ಲಿ ಬಂತು. ಮರುವರ್ಷವೇ ತಮಿಳಿನಲ್ಲಿ ಶಿವಾಜಿ ಗಣೇಶನ್ 'ತ್ರಿಶೂಲಂ' ಮಾಡಿದರು, 1983ರಲ್ಲಿ ಹಿಂದಿಯಲ್ಲಿ ಅಮಿತಾಭ್ ಬಚ್ಚನ್ 'ಮಹಾನ್' ಮಾಡಿದರು. 1986ರ 'ಅನುರಾಗ ಅರಳಿತು' ತಮಿಳಿನಲ್ಲಿ ರಜನಿಕಾಂತ್ ಅವರ 'ಮನ್ನನ್' ಆಯ್ತು, ತೆಲುಗಿನಲ್ಲಿ ಚಿರಂಜೀವಿ ಅವರ 'ಘರಾನಾ ಮೊಗುಡು' ಆಯ್ತು, ಹಿಂದಿಯಲ್ಲಿ ಅನಿಲ್ ಕಪೂರ್ ಅವರ 'ಲಾಡ್ಲಾ' ಆಯ್ತು. ಲೆಕ್ಕ ಗಮನಿಸಿ. ಕಥೆ ಗಡಿ ದಾಟಿತು. ರಾಜ್‌ಕುಮಾರ್ ಮುಖ ದಾಟಲಿಲ್ಲ. ಚೆನ್ನೈನಲ್ಲೋ ಮುಂಬೈನಲ್ಲೋ ಆ ಸಿನಿಮಾ ನೋಡಿ ಶಿಳ್ಳೆ ಹೊಡೆದವರಿಗೆ ಅದು ಕನ್ನಡದ ಮನೆಯಿಂದ ಬಂದದ್ದು ಅಂತ ಗೊತ್ತಾಗಲೇ ಇಲ್ಲ.

ಇದರ ಇನ್ನೊಂದು ಮಗ್ಗುಲು ಡಬ್ಬಿಂಗ್. 1960ರ ದಶಕದ ಚಳವಳಿಯ ನಂತರ ಬೇರೆ ಭಾಷೆಯ ಸಿನಿಮಾಗಳು ಕನ್ನಡಕ್ಕೆ ಡಬ್ ಆಗಿ ಬರೋದು ಹೆಚ್ಚುಕಡಿಮೆ ನಿಂತೇ ಹೋಗಿತ್ತು. ಬರೆದಿಟ್ಟ ಕಾನೂನಲ್ಲ, ಉದ್ಯಮದ ಒಳಗಿನ ಕಟ್ಟುಪಾಡು. 2015ರಲ್ಲಿ ಭಾರತೀಯ ಸ್ಪರ್ಧಾ ಆಯೋಗ ಅದರ ವಿರುದ್ಧ ಆದೇಶ ಕೊಟ್ಟಿತು. ಡಬ್ಬಿಂಗ್ ಬಂದರೆ ನಾವು ಮುಳುಗ್ತೀವಿ ಅನ್ನೋ ಭಯ ಇನ್ನೂ ಆರಿರಲಿಲ್ಲ, ಅಷ್ಟರಲ್ಲೇ ಕನ್ನಡದ್ದೇ ಒಂದು ಸಿನಿಮಾ ನಾಲ್ಕು ಭಾಷೆಗೆ ಡಬ್ ಆಗಿ ಹೊರಗೆ ಹೊರಟಿತು.

ಅದು 2018ರ ಡಿಸೆಂಬರ್ 21. ಪ್ರಶಾಂತ್ ನೀಲ್ ನಿರ್ದೇಶನ, ವಿಜಯ್ ಕಿರಗಂದೂರು ಅವರ ಹೊಂಬಾಳೆ ಫಿಲ್ಮ್ಸ್ ನಿರ್ಮಾಣ, ಭುವನ್ ಗೌಡ ಛಾಯಾಗ್ರಹಣ, ಕುಂದಾಪುರದ ಹತ್ತಿರದ ಬಸ್ರೂರಿನಿಂದ ಬಂದ ರವಿ ಬಸ್ರೂರು ಸಂಗೀತ. ಅದೇ ದಿನ ಹಿಂದಿಯಲ್ಲಿ ಶಾರುಖ್ ಖಾನ್ ಅವರ 'ಜೀರೋ', ತಮಿಳಿನಲ್ಲಿ ಧನುಷ್ ಅವರ 'ಮಾರಿ 2', ತೆಲುಗಿನಲ್ಲಿ ಎರಡು ಸಿನಿಮಾ. ಹೊರಗಡೆ ಯಶ್ ಹೆಸರು ಕೇಳಿದವರೇ ಕಡಿಮೆ. ಹಾಗಿದ್ದೂ ಸಿನಿಮಾ ನಿಂತಿತು. ಮರುವರ್ಷದ ರಾಷ್ಟ್ರಪ್ರಶಸ್ತಿಯಲ್ಲಿ ಸಾಹಸ ನಿರ್ದೇಶನಕ್ಕೂ ಸ್ಪೆಷಲ್ ಎಫೆಕ್ಟ್ಸ್‌ಗೂ ಬಹುಮಾನ ಬಂತು. ರಾಜ್‌ಕುಮಾರ್ ಕಾಲದಲ್ಲಿ ಆಗದೇ ಹೋದದ್ದು ಆಗ ಆಯ್ತು. ಈ ಸಲ ಕಥೆಯ ಜೊತೆ ಮುಖವೂ ಹೋಯ್ತು.

ಚಾಪ್ಟರ್ 1ರ ಮುಂದೆ ಇದ್ದ ಕೆಲಸ ಅದು, ಬಾಗಿಲು ತೆಗೆಯೋದು. ತೆಗೆದ ಬಾಗಿಲನ್ನ ಎರಡನೆಯವನು ಮತ್ತೆ ತೆಗೆಯೋಕಾಗಲ್ಲ. ಇದು ಚಾಪ್ಟರ್ 2ರ ತಪ್ಪಲ್ಲ, ಅದರ ಹಣೆಬರಹ.

ಪ್ರಶ್ನೆ ಬಿಟ್ಟು ಹೋದವನು, ಮಾತು ಕೊಟ್ಟು ಹೋದವನು

'ಸೀಕ್ವೆಲ್' ಅನ್ನೋ ಒಂದೇ ಪದದಲ್ಲಿ ನಾವು ಬೇರೆ ಬೇರೆ ಜಾತಿಯ ಸಿನಿಮಾಗಳನ್ನ ತುಂಬಿಬಿಡ್ತೀವಿ. ಹಳೆಯ ಬಗೆ ಅಂದರೆ, ಒಂದು ಸಿನಿಮಾ ಗೆಲ್ಲುತ್ತೆ, ಆಮೇಲೆ ಅದೇ ಪಾತ್ರಕ್ಕೆ ಹೊಸ ಕಥೆ ಹುಡುಕ್ತಾರೆ. ದೊರೈ-ಭಗವಾನ್ ಅವರ 'ಜೇಡರ ಬಲೆ' 1968ರಲ್ಲಿ ಬಂತು. ಅದರ ಸಿಐಡಿ 999ನನ್ನೇ ಹಿಡಿದು 'ಗೋವಾದಲ್ಲಿ ಸಿಐಡಿ 999', 'ಆಪರೇಷನ್ ಜಾಕ್‌ಪಾಟ್‌ನಲ್ಲಿ ಸಿಐಡಿ 999', 1978ರಲ್ಲಿ 'ಆಪರೇಷನ್ ಡೈಮಂಡ್ ರಾಕೆಟ್' ಬಂದವು. ವಿಷ್ಣುವರ್ಧನ್ ಅವರ 'ಆಪ್ತಮಿತ್ರ' 2004ರಲ್ಲಿ ಗೆದ್ದಿತು, 2010ರಲ್ಲಿ 'ಆಪ್ತರಕ್ಷಕ' ಬಂತು. ಅಮೆರಿಕದಲ್ಲಿ 1975ರ ಜೂನ್‌ನಲ್ಲಿ ಬಂದ 'ಜಾಸ್' ಬೇಸಿಗೆ ರಜೆಯ ದೊಡ್ಡ ಸಿನಿಮಾ ಅನ್ನೋ ಸಂಪ್ರದಾಯವನ್ನ ಗಟ್ಟಿ ಮಾಡಿತು. ಮೂರೇ ವರ್ಷಕ್ಕೆ ಅದರ ಎರಡನೇ ಭಾಗ, ಸ್ಪೀಲ್‌ಬರ್ಗ್ ಇಲ್ಲದೆಯೇ, ಇನ್ನೊಂದು ಜೂನ್‌ನಲ್ಲಿ ಬಂತು. ಇವೆಲ್ಲ ಗೆದ್ದ ಮೇಲೆ ಹುಟ್ಟಿದ ತಮ್ಮಂದಿರು.

ಕೆಜಿಎಫ್ ಹಾಗಲ್ಲ. ಒಂದೇ ಸಿನಿಮಾ ಅಂತ ಶುರುವಾಗಿ, ದಾರಿಯಲ್ಲಿ ಎರಡಾಗಿದ್ದು. ಈ ವಿಷಯದಲ್ಲಿ ಅದರ ಹತ್ತಿರದ ನೆಂಟ 'ಬಾಹುಬಲಿ'. ಅದು 2015ರ ಜುಲೈಗೆ ಒಂದು, 2017ರ ಏಪ್ರಿಲ್ 28ಕ್ಕೆ ಇನ್ನೊಂದು ಅಂತ ಬಂತು. ಎರಡನೇ ಬಾಹುಬಲಿ ನಮಗೆ ನೆನಪಿರೋಕೆ ಇನ್ನೊಂದು ಕಾರಣವೂ ಇದೆ. ಕಟ್ಟಪ್ಪನ ಪಾತ್ರ ಮಾಡಿದ್ದ ಸತ್ಯರಾಜ್ ಹಿಂದೆ ಕಾವೇರಿ ವಿಷಯದಲ್ಲಿ ಆಡಿದ್ದ ಮಾತಿಗೆ ಕರ್ನಾಟಕದಲ್ಲಿ ವಿರೋಧ ಎದ್ದು, ಅವರು ವಿಷಾದ ವ್ಯಕ್ತಪಡಿಸಿದ ಮೇಲೆ ಇಲ್ಲಿ ಬಿಡುಗಡೆಯ ದಾರಿ ಸಲೀಸಾಯ್ತು.

ಈಗ ಎರಡನ್ನೂ ಪಕ್ಕಪಕ್ಕ ಇಡಿ. ಬಾಹುಬಲಿ ಮೊದಲ ಭಾಗ ಬಿಟ್ಟು ಹೋಗಿದ್ದು ಒಂದು ಪ್ರಶ್ನೆ. ಕಟ್ಟಪ್ಪ ಬಾಹುಬಲಿಯನ್ನ ಯಾಕೆ ಕೊಂದ? ಅದಕ್ಕೆ ಉತ್ತರ ಹೇಳಬೇಕಾದರೆ ಎರಡನೇ ಭಾಗ ಹಿಂದಕ್ಕೆ ಹೋಗಲೇಬೇಕು. ಹಿಂದಕ್ಕೆ ಹೋದಷ್ಟೂ ಮೊದಲ ಭಾಗದಲ್ಲಿ ನಾವು ನೋಡಿದ್ದ ಮುಖಗಳಿಗೆ, ದೇವಸೇನೆಯ ಸರಪಳಿಗೆ, ಶಿವಗಾಮಿಯ ಸಾವಿಗೆ ಹೊಸ ಅರ್ಥ ಬರುತ್ತೆ. ಎರಡನೆಯದು ಮೊದಲನೆಯದನ್ನ ದೊಡ್ಡದು ಮಾಡುತ್ತೆ.

ಕೆಜಿಎಫ್ ಮೊದಲ ಭಾಗ ಬಿಟ್ಟು ಹೋಗಿದ್ದು ಪ್ರಶ್ನೆ ಅಲ್ಲ, ಮಾತು. ಗರುಡ ಸತ್ತ, ಇನ್ಮೇಲೆ ನೋಡಿ ಅಂತ. ಮಾತು ಕೊಟ್ಟವನು ಮುಂದಕ್ಕೇ ಹೋಗಬೇಕು. ಹಿಂದೆ ತಿರುಗಿ ನೋಡೋ ಹಾಗಿಲ್ಲ. ಪ್ರತಿ ಹೆಜ್ಜೆಯೂ ಹಿಂದಿನದಕ್ಕಿಂತ ದೊಡ್ಡದಾಗಬೇಕು. ಬಂದೂಕು ದೊಡ್ಡದು, ವೈರಿ ದೊಡ್ಡವನು, ಕೊನೆಗೆ ದೇಶದ ಪ್ರಧಾನಿಯೇ ಎದುರಾಳಿ. ಚಾಪ್ಟರ್ 2ರ ಗದ್ದಲಕ್ಕೆ ಮೂಲ ಪ್ರಶಾಂತ್ ನೀಲ್ ಅವರ ಕೈಗುಣ ಮಾತ್ರ ಅಲ್ಲ. ಚಾಪ್ಟರ್ 1ರ ಕೊನೆಯ ಐದು ನಿಮಿಷದಲ್ಲೇ ಆ ಸಾಲದ ಪತ್ರಕ್ಕೆ ಸಹಿ ಬಿದ್ದಿತ್ತು.

ಗಣಿಯ ಒಳಗೆ, ಗದ್ದುಗೆಯ ಮೇಲೆ

ಹಾಗಂತ ಸಿನಿಮಾವನ್ನ ಸಿನಿಮಾ ಆಗಿ ಅಳೆಯದೆ ಬಿಡೋಕಾಗಲ್ಲ.

ಚಾಪ್ಟರ್ 1ರ ಉತ್ತರಾರ್ಧ ನೆನಪು ಮಾಡಿಕೊಳ್ಳಿ. ರಾಕಿ ನರಾಚಿ ಗಣಿಯ ಒಳಗೆ ಹೋಗೋದು ಒಬ್ಬ ಜೀತದಾಳಿನ ವೇಷದಲ್ಲಿ. ಅವನ ಹತ್ತಿರ ಹೆಸರಿಲ್ಲ, ಗನ್ ಇಲ್ಲ. ಸಿಕ್ಕಿಬಿದ್ದರೆ ಮುಗೀತು. ಸುತ್ತ ಇರೋದು ಮಸಿ ಮೆತ್ತಿದ ಮುಖಗಳು, ಹೊರಗಿನ ಪ್ರಪಂಚವನ್ನ ಮರೆತವರು. ರಾತ್ರಿ ಹೊತ್ತು ಕಥೆ ಕೇಳಿ ಬದುಕೋರು. ಒಂದು ಹಂತದವರೆಗೂ ರಾಕಿ ಅವರ ಕಷ್ಟ ನೋಡಿಯೂ ಸುಮ್ಮನೆ ಇರ್ತಾನೆ, ಯಾಕಂದರೆ ಅವನು ಬಂದಿರೋ ಕೆಲಸ ಬೇರೆ. ಆ ಸುಮ್ಮನಿರುವಿಕೆ ನಮ್ಮನ್ನ ಕಾಡುತ್ತೆ. ಅದು ಮುರಿಯೋ ಗಳಿಗೆಗೋಸ್ಕರ ನಾವು ಕಾಯ್ತೀವಿ. ಇನ್ನು ಗರುಡ ತೆರೆ ಮೇಲೆ ಇರೋದೇ ಸ್ವಲ್ಪ ಹೊತ್ತು. ಅವನ ಭಯವೆಲ್ಲ ಬೇರೆಯವರ ಬಾಯಿಂದ ಕೇಳಿ ಹುಟ್ಟಿದ್ದು. ರಾಮಚಂದ್ರ ರಾಜು ಅನ್ನೋ ಹೊಸ ಮುಖ ಆಗಿದ್ದರಿಂದ ಆ ಭಯಕ್ಕೆ ಬೇರೆ ಯಾವ ನೆನಪೂ ಅಂಟಿಕೊಂಡಿರಲಿಲ್ಲ.

ಚಾಪ್ಟರ್ 2ರಲ್ಲಿ ರಾಕಿ ಗದ್ದುಗೆ ಮೇಲೆ ಇದ್ದಾನೆ. ಎದುರಾಳಿ ಅಧೀರ, ಅಂದರೆ ಸಂಜಯ್ ದತ್. ಪ್ರಧಾನಿ ರಮಿಕಾ ಸೇನ್, ಅಂದರೆ ರವೀನಾ ಟಂಡನ್. ಇಬ್ಬರೂ ಚೆನ್ನಾಗಿ ಮಾಡಿದ್ದಾರೆ. ರವೀನಾ ಅವರ ಪಾತ್ರ ಬಂದ ಮೇಲೆ ಸಿನಿಮಾಗೆ ಒಂದು ತೂಕ ಬಂತು ಅಂತ ನನಗೂ ಅನ್ನಿಸಿದೆ. ಆದರೆ ಇವರು ತಮ್ಮ ಹಳೇ ಖ್ಯಾತಿಯನ್ನ ಜೊತೆಗೆ ತಂದರು. ನರಾಚಿಯ ಕತ್ತಲಲ್ಲಿ ಹುಟ್ಟಿದ ಭಯ ಅಲ್ಲ ಅದು, ಪೋಸ್ಟರ್ ಮೇಲೆ ಮೊದಲೇ ಅಚ್ಚಾಗಿದ್ದ ಭಯ.

ಹೆಚ್ಚು ಬೇಸರ ತರಿಸೋದು ಗಣಿ ಜನರ ವಿಷಯ. ಮೊದಲ ಭಾಗದಲ್ಲಿ ಅವರು ಮನುಷ್ಯರು. ಎರಡನೇ ಭಾಗದಲ್ಲಿ ಅವರು ಹೆಚ್ಚಿನ ಹೊತ್ತು ಜೈಕಾರ ಹಾಕೋ ಗುಂಪು. ಫಾತಿಮಾ ಮತ್ತು ಅವಳ ಮಗ ಒಂದು ಅಪವಾದ. ಆ ತಾಯಿ-ಮಗನ ಪ್ರಸಂಗ ಬಂದಾಗ ಹಳೇ ಕೆಜಿಎಫ್ ಒಂದು ಗಳಿಗೆ ಮತ್ತೆ ಉಸಿರಾಡುತ್ತೆ. ರೀನಾ ಪಾತ್ರಕ್ಕೆ ಆ ಭಾಗ್ಯವೂ ಇಲ್ಲ. ಅವಳನ್ನ ನರಾಚಿಗೆ ಕರೆತಂದು ಕೂರಿಸಿದ ರೀತಿ, ಆಮೇಲೆ ಅವಳ ಸಾವನ್ನ ರಾಕಿಯ ಕೋಪಕ್ಕೆ ಸೌದೆಯಾಗಿ ಬಳಸಿದ ರೀತಿ, ಇವತ್ತು ಮನೆಯಲ್ಲಿ ಹೆಂಗಸರ ಜೊತೆ ಕೂತು ನೋಡುವಾಗ ಸಮರ್ಥನೆಗೆ ಮಾತು ಸಿಗಲ್ಲ.

ಚಾಪ್ಟರ್ 2ರ ಪರವಾಗಿಯೂ ಹೇಳಬೇಕು. ಅದರ ಕೊನೆ ಧೈರ್ಯದ್ದು. ಇಷ್ಟು ಎತ್ತರಕ್ಕೆ ಏರಿಸಿದ ನಾಯಕನನ್ನ, ಅವನು ಕೂಡಿಹಾಕಿದ ಚಿನ್ನದ ಸಮೇತ, ಕಡಲಿಗೆ ಇಳಿಸೋದು ವ್ಯಾಪಾರಿ ಸಿನಿಮಾ ಸುಲಭಕ್ಕೆ ಒಪ್ಪೋ ಮಾತಲ್ಲ. ಅಮ್ಮನಿಗೆ ಕೊಟ್ಟ ಭಾಷೆ ಅನ್ನೋ ಮೊದಲ ಭಾಗದ ಎಳೆ ಅಲ್ಲಿ ಸರಿಯಾಗಿ ಗಂಟು ಬೀಳುತ್ತೆ. ಸಂಕಲನ ಮಾಡಿದ್ದು ಆಗಿನ್ನೂ ಇಪ್ಪತ್ತರ ಆಸುಪಾಸಿನಲ್ಲಿದ್ದ ಉಜ್ವಲ್ ಕುಲಕರ್ಣಿ. ಅಷ್ಟು ಚಿಕ್ಕ ಹುಡುಗನ ಕೈಗೆ ಅಷ್ಟು ದೊಡ್ಡ ಸಿನಿಮಾ ಕೊಟ್ಟರಲ್ಲ, ಆ ಎದೆಗಾರಿಕೆಗೂ ಲೆಕ್ಕ ಇದೆ. ಆದರೂ ಆ ಕಡಲ ದೃಶ್ಯ ನೋಡುವಾಗಲೆಲ್ಲ ನನಗೆ ಒಂದೇ ಯೋಚನೆ. ಆ ಚಿನ್ನ ಅಗೆದವರು ಯಾರು? ಮಗ ಅಮ್ಮನ ಋಣ ತೀರಿಸಿದ, ಸರಿ. ಅಗೆದವರ ಋಣ?

ಕಥೆ ಹೇಳೋ ದನಿ

ಎರಡು ಭಾಗದ ನಡುವೆ ಬದಲಾದ ಒಂದು ಸಂಗತಿಯನ್ನ ಹೊರಗಿನವರು ಅಷ್ಟಾಗಿ ಗಮನಿಸಿರಲಿಕ್ಕಿಲ್ಲ, ಕನ್ನಡದವರು ಮಾತ್ರ ತಕ್ಷಣ ಗಮನಿಸಿದರು. ಮೊದಲ ಭಾಗದಲ್ಲಿ ಕಥೆ ಹೇಳೋದು ಆನಂದ್ ಇಂಗಳಗಿ, ಅಂದರೆ ಅನಂತ್ ನಾಗ್. ಎರಡನೇ ಭಾಗದಲ್ಲಿ ವಿಜಯೇಂದ್ರ ಇಂಗಳಗಿ, ಅಂದರೆ ಪ್ರಕಾಶ್ ರಾಜ್.

ಪ್ರಕಾಶ್ ರಾಜ್ ದೊಡ್ಡ ನಟ, ಅದರಲ್ಲಿ ಎರಡು ಮಾತಿಲ್ಲ. ಐದೂ ಭಾಷೆಯ ಪ್ರೇಕ್ಷಕರಿಗೆ ಪರಿಚಯದ ಮುಖ ಕೂಡ. ಆದರೆ ಅನಂತ್ ನಾಗ್ ದನಿ ನಮಗೆ ಬರೀ ದನಿ ಅಲ್ಲ. ಮುಂಬೈಯ ಮರಾಠಿ, ಕೊಂಕಣಿ ರಂಗಭೂಮಿಯಲ್ಲಿ ಪಳಗಿ, 1974ರಲ್ಲಿ ಶ್ಯಾಮ್ ಬೆನಗಲ್ ಅವರ 'ಅಂಕುರ್'ನಲ್ಲಿ ಕಾಣಿಸಿಕೊಂಡು, ಆಮೇಲೆ ಕನ್ನಡವನ್ನೇ ಮನೆ ಮಾಡಿಕೊಂಡ ನಟ ಅವರು. 'ಮಾಲ್ಗುಡಿ ಡೇಸ್' ನೋಡಿ ಬೆಳೆದವರಿಗೆ ಆ ದನಿ ಮನೆಯ ಹಿರಿಯರದ್ದು. ಸುಳ್ಳನ್ನೂ ನಿಜ ಅನ್ನಿಸುವ ಹಾಗೆ ಹೇಳೋ ಚಿಕ್ಕಪ್ಪನದ್ದು. ಚಾಪ್ಟರ್ 1ರ ಅತಿರೇಕವನ್ನೆಲ್ಲ ನಾವು ನಂಬಿದ್ದರಲ್ಲಿ ಆ ದನಿಯ ಪಾಲು ದೊಡ್ಡದು.

ಇನ್ನೊಂದು ವಿಷಯ, ಸ್ವಲ್ಪ ಕಸಿವಿಸಿಯದ್ದು. ಚಾಪ್ಟರ್ 1ರಿಂದ ಜನರ ಬಾಯಲ್ಲಿ ಉಳಿದ ಮಾತುಗಳಲ್ಲಿ ಅಮ್ಮನ ಬಗ್ಗೆ ಆಡಿದ ಮಾತು ಮುಖ್ಯ, ಅದು ಕನ್ನಡದಲ್ಲಿತ್ತು. ಚಾಪ್ಟರ್ 2ರ ಟ್ರೈಲರ್‌ನಿಂದ ದೇಶ ಪೂರ್ತಿ ಹಬ್ಬಿದ, ಹಿಂಸೆಯ ಕುರಿತ ಆ ಡೈಲಾಗ್ ಇದೆಯಲ್ಲ, ಅದು ಕನ್ನಡ ಆವೃತ್ತಿಯಲ್ಲೂ ಇಂಗ್ಲಿಷಿನಲ್ಲೇ ಇದೆ. ಐದು ಭಾಷೆಗೂ ಒಂದೇ ವಾಕ್ಯ ಸಾಕು. ನಮ್ಮ ಆಫೀಸ್ ಮೀಟಿಂಗಿನ ಹಾಗೆ ಅಂದುಕೊಳ್ಳಿ. ಐದು ರಾಜ್ಯದವರು ಕೂತಾಗ ಯಾರ ಭಾಷೆಯೂ ಅಲ್ಲದ ಭಾಷೆ ಮುಂದೆ ಬರುತ್ತೆ, ಅದರಲ್ಲಿ ಯಾರಿಗೂ ಬೇಜಾರಿಲ್ಲ. ಆದರೆ ಊರಿನ ಮಾತು ಕೋಣೆಯಿಂದ ಹೊರಗೆ ಉಳಿಯುತ್ತೆ.

ಸಾವಿರ ಕೋಟಿಯ ಬೇಸಿಗೆ

ಇನ್ನು ಸಂತೆಯ ಲೆಕ್ಕ. ಚಾಪ್ಟರ್ 2 ಮೊದಲು 2020ರ ಅಕ್ಟೋಬರ್ 23ಕ್ಕೆ ಬರಬೇಕಿತ್ತು. ಕೊರೊನಾದಿಂದ 2021ರ ಜುಲೈ 16ಕ್ಕೆ ಹೋಯ್ತು, ಅದೂ ತಪ್ಪಿ 2022ರ ಏಪ್ರಿಲ್ 14ಕ್ಕೆ ಬಂತು. ಬೇಸಿಗೆ ಸಿನಿಮಾ ಅಂತ ಹುಟ್ಟಿದ್ದಲ್ಲ, ಬೇಸಿಗೆಗೆ ಬಂದು ಬಿದ್ದದ್ದು. ಆದರೆ ದಿನ ಮಾತ್ರ ಭರ್ಜರಿ. ಅಂಬೇಡ್ಕರ್ ಜಯಂತಿ, ತಮಿಳು ಹೊಸ ವರ್ಷ, ಮರುದಿನ ಗುಡ್ ಫ್ರೈಡೇ ಮತ್ತು ವಿಷು, ಶಾಲೆಗೆ ರಜೆ. ಹಿಂದಿನ ದಿನವಷ್ಟೇ ವಿಜಯ್ ಅವರ 'ಬೀಸ್ಟ್' ತೆರೆಗೆ ಬಂದಿತ್ತು.

ಈ ಮೂರುಕಾಲು ವರ್ಷದಲ್ಲಿ ಒಂದು ದೊಡ್ಡ ಸಂಗತಿ ನಡೆದಿತ್ತು. ಥಿಯೇಟರ್‌ಗೆ ಹೋಗಿ ಚಾಪ್ಟರ್ 1 ನೋಡದ ಲಕ್ಷಾಂತರ ಜನ ಅದನ್ನ ಮನೆಯಲ್ಲೇ, ಟಿವಿಯಲ್ಲಿ, ಮೊಬೈಲಿನಲ್ಲಿ ನೋಡಿ ಮುಗಿಸಿದ್ದರು. ವ್ಯಾಪಾರದ ವರದಿಗಳ ಪ್ರಕಾರ ಚಾಪ್ಟರ್ 1ರ ಹಿಂದಿ ಆವೃತ್ತಿ ಗಳಿಸಿದ್ದು ಸುಮಾರು 44 ಕೋಟಿ. ಚಾಪ್ಟರ್ 2ರ ಹಿಂದಿ ಆವೃತ್ತಿ ಮೊದಲ ದಿನವೇ 53 ಕೋಟಿ ದಾಟಿತು, ಒಟ್ಟು 430 ಕೋಟಿ ಮೀರಿತು. ಎಲ್ಲ ಭಾಷೆ, ಎಲ್ಲ ದೇಶ ಸೇರಿಸಿದರೆ ಮೊದಲನೆಯದು ಸುಮಾರು 250 ಕೋಟಿ, ಎರಡನೆಯದು 1,200 ಕೋಟಿಯ ಮೇಲೆ. ಈ ಕೋಲಿನಲ್ಲಿ ಅಳೆದರೆ ಚರ್ಚೆಯೇ ಇಲ್ಲ.

ಆದರೆ ಈ ಅಂಕಿಯಲ್ಲಿ ಮೊದಲನೆಯದರ ಪಾಲೂ ಸೇರಿದೆ. ಚಾಪ್ಟರ್ 1 ಟಿಕೆಟ್ ಮಾರಿದ್ದು ಒಂದು ಸಲ, ಚಾಪ್ಟರ್ 2ರ ಟಿಕೆಟ್ ಮಾರಿದ್ದೂ ಅದೇ. ಬೀಜ ಬಿತ್ತಿದ ವರ್ಷದ ಲೆಕ್ಕವನ್ನೂ ಫಸಲು ಬಂದ ವರ್ಷದ ಲೆಕ್ಕವನ್ನೂ ಪಕ್ಕಪಕ್ಕ ಇಟ್ಟು ಯಾವ ವರ್ಷ ಒಳ್ಳೇದು ಅಂತ ರೈತ ಕೇಳಲ್ಲ.

ಇಲ್ಲಿ ನಮ್ಮ ಮಾತು ಬರುತ್ತೆ. 2018ರಲ್ಲಿ ಪುಣೆಯಲ್ಲಿ ಚಾಪ್ಟರ್ 1ರ ಕನ್ನಡ ಶೋ ಅಂದರೆ ದೂರದ ಥಿಯೇಟರ್, ರಾತ್ರಿ ಹೊತ್ತು. ಟೀಮಿನ ಮರಾಠಿ ಗೆಳೆಯನನ್ನ ನಾನೇ ಎಳ್ಕೊಂಡು ಹೋಗಿದ್ದೆ. ಕೋಲಾರ ಎಲ್ಲಿದೆ, ಯಶ್ ಯಾರು, ಎಲ್ಲ ಹೇಳಬೇಕಿತ್ತು. 2022ರಲ್ಲಿ ಅವನೇ ಹತ್ತು ಟಿಕೆಟ್ ಬುಕ್ ಮಾಡಿ ಗ್ರೂಪಿಗೆ ಹಾಕಿದ. ಹಿಂದಿ ಶೋ. ಕನ್ನಡದ ಹೆಮ್ಮೆಯನ್ನ ನಾನು ಹಿಂದಿಯಲ್ಲಿ ನೋಡಿ ಬಂದೆ. ಇಂಟರ್ವಲ್‌ನಲ್ಲಿ ನನ್ನನ್ನ ಯಾರೂ ಏನೂ ಕೇಳಲಿಲ್ಲ, ಎಲ್ಲರಿಗೂ ಎಲ್ಲ ಗೊತ್ತಿತ್ತು. ಖುಷಿ ಆಯ್ತಾ? ಆಯ್ತು, ಸುಳ್ಳು ಯಾಕೆ ಹೇಳಲಿ. ನಲವತ್ತು ವರ್ಷ ರಾಜ್‌ಕುಮಾರ್ ಮುಖಕ್ಕೆ ಸಿಗದೇ ಹೋದದ್ದು ಇದೇ ಅಲ್ವಾ. ಜೊತೆಗೆ ಒಂದು ಸಣ್ಣ ಖಾಲಿತನವೂ ಆಯ್ತು. ಮೊದಲನೆಯದನ್ನ ನಾವು ಪರಿಚಯ ಮಾಡಿಸಿದ್ದೆವು. ಎರಡನೆಯದಕ್ಕೆ ನಮ್ಮ ಪರಿಚಯದ ಅಗತ್ಯವೇ ಇರಲಿಲ್ಲ.

ಪರಊರಿನಲ್ಲಿ ಇರೋರಿಗೆ ಇದು ಬರೀ ಸಿನಿಮಾದ ಮಾತಲ್ಲ. "ಕನ್ನಡದಲ್ಲಿ ಏನಿದೆ?" ಅನ್ನೋ ತಾತ್ಸಾರವನ್ನ ಕ್ಯಾಂಟೀನಿನಲ್ಲಿ ಎಷ್ಟೋ ವರ್ಷ ಕೇಳಿಸಿಕೊಂಡವರು ನಾವು. ಸಾವಿರ ಕೋಟಿ ನಮಗೆ ಬಾಯಿಗೆ ಬಂದ ಉತ್ತರ. ಆದರೆ ಉತ್ತರ ಅಂಕಿಯಲ್ಲಿ ಕೊಡೋದು ರೂಢಿಯಾದರೆ, ನಾಳೆ ಇನ್ನೊಬ್ಬರ ಅಂಕಿ ದೊಡ್ಡದಾದ ದಿನ ನಮ್ಮ ಹತ್ತಿರ ಹೇಳೋಕೆ ಏನು ಉಳಿಯುತ್ತೆ?

ಹೆಸರು ಕೊಟ್ಟ ಊರು

ಕೊನೆಯ ಕೋಲು, ನನ್ನ ಮಟ್ಟಿಗೆ ಮುಖ್ಯವಾದದ್ದು. ಈ ಸಿನಿಮಾಗೆ ಹೆಸರು ಕೊಟ್ಟ ಊರು.

ಸಿನಿಮಾದಲ್ಲಿ ಚಿನ್ನ ಸಿಗೋದು 1951ರಲ್ಲಿ, ರಾಕಿ ಹುಟ್ಟಿದ ದಿನ. ನಿಜವಾದ ಕೋಲಾರ ಗಣಿಯಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಕೆಲಸ ಶುರು ಮಾಡಿದ್ದು 1880ರಲ್ಲಿ. 1902ರಲ್ಲಿ ಶಿವನಸಮುದ್ರದಿಂದ ಸುಮಾರು 147 ಕಿಲೋಮೀಟರ್ ತಂತಿ ಎಳೆದು ಕರೆಂಟ್ ಕೊಟ್ಟಿದ್ದು ಈ ಗಣಿಗೆ. ಬೆಂಗಳೂರಿಗೆ ಕರೆಂಟ್ ಬಂದದ್ದು ಆಮೇಲೆ. ಮೂರು ಕಿಲೋಮೀಟರಿಗೂ ಹೆಚ್ಚು ಆಳ ಇಳಿದ ಗಣಿ ಅದು. ಆ ಆಳದಲ್ಲಿ ಬಂಡೆ ಒತ್ತಡಕ್ಕೆ ಸಿಡಿಯುತ್ತೆ, ಶಾಖ ತಡೆಯೋಕಾಗಲ್ಲ. 1965ರಲ್ಲಿ ಮುಂಬೈಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಜಪಾನ್, ಇಂಗ್ಲೆಂಡಿನವರ ಜೊತೆ ಸೇರಿ ಅಲ್ಲೇ ವಾತಾವರಣದ ನ್ಯೂಟ್ರಿನೋಗಳ ಗುರುತು ಹಿಡಿದರು.

ಅಗೆದವರು ಯಾರು? ಹೆಚ್ಚಿನವರು ಉತ್ತರ ಆರ್ಕಾಟ್, ಚಿತ್ತೂರು ಕಡೆಯಿಂದ ಬಂದ ತಮಿಳು, ತೆಲುಗು ಮಾತಾಡೋ ದಲಿತರು. ಕೆಲಸ ಹುಡುಕಿ ಊರು ಬಿಟ್ಟವರು. ಅವರನ್ನ ಬಿಡಿಸೋಕೆ ಯಾವ ರಾಕಿಯೂ ಬರಲಿಲ್ಲ. 1930ರಲ್ಲಿ ಗಣಿ ಕಂಪನಿಗಳು ಕಾರ್ಮಿಕರ ಬೆರಳಚ್ಚು ತೆಗೆದು ನೋಂದಣಿ ಮಾಡೋಕೆ ಹೊರಟಾಗ, ಅವರೇ ಒಟ್ಟಾಗಿ ಕೆಲಸ ನಿಲ್ಲಿಸಿದರು. ಬೆರಳೊತ್ತಿ ಆಫೀಸ್ ಒಳಗೆ ಹೋಗೋ ನಮಗೆ ಈ ಕಥೆ ಗೊತ್ತಿರಬೇಕಿತ್ತು. 1956ರಲ್ಲಿ ಗಣಿ ಮೈಸೂರು ಸರ್ಕಾರದ ಕೈಗೆ ಬಂತು, ಆಮೇಲೆ ಕೇಂದ್ರಕ್ಕೆ ಹೋಯ್ತು, 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಆಯ್ತು, 2001ರ ಫೆಬ್ರವರಿ 28ಕ್ಕೆ ಬಾಗಿಲು ಹಾಕಿತು.

ಸಿನಿಮಾ ಇತಿಹಾಸದ ಪಾಠ ಅಲ್ಲ, ಅದು ನನಗೂ ಗೊತ್ತು. ನರಾಚಿ ಕಲ್ಪನೆಯ ಊರು, ಹಾಗೆ ಕಲ್ಪಿಸೋ ಹಕ್ಕು ಕಲೆಗಿದೆ. ಆದರೂ ಒಂದು ವ್ಯತ್ಯಾಸ ನೋಡಿ. ಚಾಪ್ಟರ್ 1 ಏನೇ ಕಲ್ಪಿಸಿದ್ದರೂ, ನೆಲದಡಿ ದುಡಿಯೋರ ಮುಖ ನಮಗೆ ತೋರಿಸಿತು. ಸಿನಿಮಾ ಮುಗಿದ ಮೇಲೆ ಎಷ್ಟೋ ಜನ ಮೊದಲ ಸಲ ನಿಜವಾದ ಕೋಲಾರ ಗಣಿ ಬಗ್ಗೆ ಹುಡುಕಿ ಓದಿದರು. ನಾನೂ ಅವರಲ್ಲಿ ಒಬ್ಬ. ಚಾಪ್ಟರ್ 2 ಮುಗಿದ ಮೇಲೆ ನಾವು ಹುಡುಕಿದ್ದು ಚಾಪ್ಟರ್ 3 ಯಾವಾಗ ಅಂತ.

ಹಾಗಾದರೆ ತೀರ್ಪು?

ಮೂರು ಕೋಲು, ಮೂರು ಉತ್ತರ. ಸಂತೆಯಲ್ಲಿ ಎರಡನೆಯದು ಗೆದ್ದಿತು, ಮೊದಲನೆಯದು ಬಿತ್ತಿದ್ದನ್ನ ಕೊಯ್ದು ಗೆದ್ದಿತು. ಸಿನಿಮಾ ಆಗಿ ಅದು ಕೊಟ್ಟ ಮಾತನ್ನ ಉಳಿಸಿಕೊಂಡಿತು, ಆದರೆ ಮಾತು ಉಳಿಸಿಕೊಳ್ಳೋ ಭರದಲ್ಲಿ ಮೊದಲನೆಯದಕ್ಕೆ ಜೀವ ಕೊಟ್ಟಿದ್ದ ಕತ್ತಲನ್ನ, ಕಾಯುವಿಕೆಯನ್ನ ಕಳೆದುಕೊಂಡಿತು. ಹೆಸರು ಕೊಟ್ಟ ಊರಿನ ಲೆಕ್ಕದಲ್ಲಿ ಅದು ಸಮ ಬರಲಿಲ್ಲ. ಒಟ್ಟಾರೆ ನನ್ನ ಮಾತು, ಇಲ್ಲ, ಸಮ ಬರಲಿಲ್ಲ. ಚಾಪ್ಟರ್ 1 ನಮ್ಮನ್ನ ಗಣಿಯೊಳಗೆ ಇಳಿಸಿತು. ಚಾಪ್ಟರ್ 2 ನಮ್ಮನ್ನ ಮೇಲೆ ಕೂರಿಸಿ ಚಪ್ಪಾಳೆ ಹೊಡೆಸಿತು.

ಕೆಜಿಎಫ್‌ನ ನಿಜವಾದ ಎರಡನೇ ಅಧ್ಯಾಯ ಶುರುವಾಗಿದ್ದು 2001ರಲ್ಲಿ, ಅದಿನ್ನೂ ಮುಗಿದಿಲ್ಲ. ಬೆಳಗಿನ ಜಾವ ಮಾರಿಕುಪ್ಪಂ, ಚಾಂಪಿಯನ್, ಊರ್ಗಾಂ, ಕೋರಮಂಡಲ್ ಸ್ಟೇಷನ್‌ಗಳಲ್ಲಿ ಟಿಫನ್ ಡಬ್ಬಿ ಹಿಡಿದು ಜನ ರೈಲು ಹತ್ತುತ್ತಾರೆ. ಗಣಿ ಕಾರ್ಮಿಕರ ಮಕ್ಕಳು, ಮೊಮ್ಮಕ್ಕಳು. ಬಂಗಾರಪೇಟೆ ದಾಟಿ ಬೆಂಗಳೂರಿಗೆ ಬಂದು ಅಂಗಡಿ, ಕಾರ್ಖಾನೆ, ಆಸ್ಪತ್ರೆ, ಐಟಿ ಪಾರ್ಕ್‌ಗಳಲ್ಲಿ ದುಡಿದು ರಾತ್ರಿ ವಾಪಸ್ ಹೋಗ್ತಾರೆ. ಅಜ್ಜ ಕೆಲಸ ಹುಡುಕಿ ಆ ಊರಿಗೆ ಬಂದ, ಮೊಮ್ಮಗ ಕೆಲಸ ಹುಡುಕಿ ಆ ಊರಿಂದ ದಿನಾ ಹೊರಡ್ತಾನೆ. ನಾವು ವರ್ಷಕ್ಕೆ ಎರಡು ಸಲ ಹತ್ತೋ ರೈಲನ್ನ ಅವರು ದಿನಕ್ಕೆ ಎರಡು ಸಲ ಹತ್ತುತ್ತಾರೆ, ಅಷ್ಟೇ ವ್ಯತ್ಯಾಸ.

ಮುಂದಿನ ಸಲ ಆಫೀಸಿನಲ್ಲಿ ಯಾರಾದರೂ "ನಿಮ್ಮ ಕೆಜಿಎಫ್ ಸೂಪರ್" ಅಂದರೆ ಥ್ಯಾಂಕ್ಸ್ ಹೇಳಿ. ಆಮೇಲೆ ಎರಡು ನಿಮಿಷ ಇದ್ದರೆ ಈ ಊರಿನ ಮಾತೂ ಹೇಳಿ.